ಅಣ್ಣನಿಗೆ ರಕ್ತನಾಳದ ಉಬ್ಬು: ತಂಗಿ ಹಾರ್ಮೋನ್ ಮಾತ್ರೆ ನುಂಗಬೇಕೇ?

ಪ್ರಶ್ನೆ: ನನ್ನ ಅಣ್ಣನಿಗೆ 68 ವರ್ಷ, ಬೀಡಿ ಇನ್ನೂ ಬಿಟ್ಟಿಲ್ಲ. ಮೂತ್ರದ ಕಲ್ಲಿಗೆಂದು ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯ ದೊಡ್ಡ ರಕ್ತನಾಳ 3.8 ಸೆಂ.ಮೀ. ಉಬ್ಬಿದೆ ಎಂದರು. 'ಅದು ಗಂಡಸರ ಕಾಯಿಲೆ, ಹೆಂಗಸರಿಗೆ ಹಾರ್ಮೋನಿನ ಬಲ ಇರ್ತದೆ' ಅಂತಾರೆ ನೆರೆಯವರು. ನನಗೆ 61, ಮುಟ್ಟು ನಿಂತು ವರ್ಷಗಳಾದವು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಲೇ?
– ಓದುಗರು, ಬದಿಯಡ್ಕ

ಉತ್ತರ: ಮಾತ್ರೆ ಬೇಡ. ನೆರೆಯವರು ಹೇಳಿದ್ದು ಅರ್ಧ ನಿಜ.

ಅಣ್ಣನಿಗೆ ಉಬ್ಬಿರುವ ಆ ದೊಡ್ಡ ರಕ್ತನಾಳವೇ ಅಯೋರ್ಟಾ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ.; 3 ಮುಟ್ಟಿದರೆ ಅನ್ಯೂರಿಸಂ, ಅಂದರೆ ಉಬ್ಬು. ಗಂಡಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಹೆಂಗಸರಲ್ಲಿ ಕಾಣಿಸುವುದು ಸುಮಾರು ಹತ್ತು ವರ್ಷ ತಡವಾಗಿ. ರಕ್ತನಾಳದ ಗೋಡೆಗೆ ಬಿಗಿ ಕೊಡುವುದು ಎಲಾಸ್ಟಿನ್, ಕೊಲಾಜೆನ್ ನಾರುಗಳು. ಗೋಡೆಯಲ್ಲಿ ಉರಿಯೂತವಾದಾಗ ಅಲ್ಲಿ ಸೇರುವ ಬಿಳಿ ರಕ್ತಕಣಗಳು ಎಂಎಂಪಿ ಎಂಬ ಕಿಣ್ವಗಳನ್ನು ಬಿಟ್ಟು ಆ ನಾರುಗಳನ್ನೇ ಕರಗಿಸುತ್ತವೆ. ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ಈ ಉರಿಯೂತ, ಕಿಣ್ವ ಎರಡನ್ನೂ ತಗ್ಗಿಸುವುದು ಪ್ರಾಣಿಗಳಲ್ಲಿ ಕಂಡಿದೆ. ಗಂಡಿಲಿಯ ವೃಷಣ ತೆಗೆದರೆ ಉಬ್ಬು ಕಡಿಮೆ, ಹೆಣ್ಣಿಲಿಗೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೊಟ್ಟರೆ ಜಾಸ್ತಿ.

ಹಾಗಾದರೆ ಎಲ್ಲ ತಪ್ಪೂ ಗಂಡು ಹಾರ್ಮೋನಿನದೇ? ಮನುಷ್ಯರಲ್ಲಿ ಲೆಕ್ಕ ಅಷ್ಟು ಸಲೀಸಲ್ಲ. ಪಶ್ಚಿಮ ಆಸ್ಟ್ರೇಲಿಯಾದ ವೃದ್ಧರ ಅಧ್ಯಯನವೊಂದರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇದ್ದವರಲ್ಲೇ ಅನ್ಯೂರಿಸಂ ಹೆಚ್ಚು ಕಂಡಿತು. ಗಂಡು-ಹೆಣ್ಣೆಂದು ನಿರ್ಧರಿಸುವ ಎಕ್ಸ್, ವೈ ವರ್ಣತಂತುಗಳಿಗೂ ಇದರಲ್ಲಿ ಪಾಲಿರಬಹುದು. ಇನ್ನು, ಮುಟ್ಟು ನಿಂತು ವರ್ಷಗಳಾದ ಮೇಲೆ ಮಾತ್ರೆಯಿಂದ ಈಸ್ಟ್ರೋಜೆನ್ ತುಂಬಿಸಿದರೆ ಹಳೆಯ ರಕ್ಷಣೆ ಮರಳುತ್ತದೆ ಎನ್ನಲು ಆಧಾರವಿಲ್ಲ. ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯುವಿನ ಅಪಾಯವಂತೂ ಇದೆ.

ನೆರೆಯವರು ಬಿಟ್ಟ ಇನ್ನರ್ಧ ಇದು: ಹೆಂಗಸರಲ್ಲಿ ಉಬ್ಬು ಬಂದರೆ ಬೇಗ ಒಡೆಯುತ್ತದೆ, ಅದೂ ಸಣ್ಣ ಗಾತ್ರದಲ್ಲೇ. ಗಂಡಸರಿಗೆ 5.5 ಸೆಂ.ಮೀ.ಗೆ ಶಸ್ತ್ರಚಿಕಿತ್ಸೆಯ ಯೋಚನೆಯಾದರೆ ಹೆಂಗಸರಿಗೆ 5ಕ್ಕೇ. ಒಡಹುಟ್ಟಿದವರಿಗೆ ಇದ್ದರೆ ನಿಮಗೂ ಸಾಧ್ಯತೆ ಹೆಚ್ಚು. ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಗ್ಯಾಸ್ ತುಂಬಿದ್ದರೆ ಅಯೋರ್ಟಾ ಸರಿಯಾಗಿ ಕಾಣುವುದಿಲ್ಲ.

ಅಣ್ಣನ ಬೀಡಿ ನಿಲ್ಲಲೇಬೇಕು. 'ದಿನಕ್ಕೆ ನಾಲ್ಕೇ' ಎಂಬ ಸಬೂಬು ಬೇಡ. ಉಬ್ಬು ಬರಿಸುವುದರಲ್ಲಿ ಯಾವ ಹಾರ್ಮೋನಿಗಿಂತಲೂ ಹೊಗೆಯೇ ಮುಂದು. ಬಿಪಿ ಹತೋಟಿಯಲ್ಲಿರಲಿ, ವೈದ್ಯರು ಹೇಳಿದ ಸಮಯಕ್ಕೆ ಮತ್ತೆ ಸ್ಕ್ಯಾನ್ ಆಗಲಿ. ಇನ್ನೊಂದು ಮಾತು: ಉಬ್ಬು ಒಡೆಯುವ ನೋವು ಕಲ್ಲಿನ ನೋವಿನಂತೆಯೇ ಸೊಂಟ, ಬೆನ್ನಿಗೆ ಬರಬಹುದು. ತಟ್ಟನೆ ಜೋರು ನೋವು, ತಲೆಸುತ್ತು, ಬೆವರು ಬಂದರೆ ಕಲ್ಲಿರಬೇಕೆಂದು ಕಷಾಯ ಕುಡಿಸುತ್ತ ಕೂರಬೇಡಿ. ರಕ್ತನಾಳದ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೊರಟು, ಹಳೆಯ ಸ್ಕ್ಯಾನ್ ರಿಪೋರ್ಟನ್ನು ಅಲ್ಲಿ ಮೊದಲೇ ತೋರಿಸಿ.