ಅಪ್‌ಲೋಡ್ ಫೈಲ್ ಹೆಸರಿನಿಂದ ‘../’ ಅಳಿಸಿದರೆ ಪಾತ್ ಟ್ರಾವರ್ಸಲ್ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಪಾತ್ ಟ್ರಾವರ್ಸಲ್ ಎಂದರೆ ಫೈಲ್ ಹೆಸರಿನಲ್ಲಿ ‘../’ (ಒಂದು ಫೋಲ್ಡರ್ ಮೇಲಕ್ಕೆ ಹೋಗು ಎಂಬ ಗುರುತು) ತುರುಕಿ, ನಿಗದಿತ ಫೋಲ್ಡರ್ ಹೊರಗಿನ ಫೈಲ್ ಓದುವ ಇಲ್ಲವೇ ಬರೆಯುವ ದಾಳಿ. ನಿಮ್ಮ ಕೋಡ್ ‘../’ ಅನ್ನು ಒಂದು ಸಲ ಅಳಿಸುತ್ತದೆ ಎಂದಿದ್ದೀರಿ. ದಾಳಿಕೋರ ‘....//’ ಎಂದು ಕಳಿಸಿದರೆ ನಡುವಿನ ಮೂರು ಅಕ್ಷರ ಹೋಗಿ ಮತ್ತೆ ‘../’ ಉಳಿಯುತ್ತದೆ. ವಿಂಡೋಸ್ ಸರ್ವರ್ ಆದರೆ ‘..\’ ಕೂಡ ನಡೆಯುತ್ತದೆ.

ಎನ್‌ಕೋಡಿಂಗ್ (ಅಕ್ಷರವನ್ನು ‘%2e’ಯಂಥ ಸಂಕೇತವಾಗಿ ಬರೆಯುವುದು) ಇನ್ನೂ ಕಷ್ಟದ್ದು. 2021ರ ಅಕ್ಟೋಬರ್‌ನಲ್ಲಿ ಬಯಲಾದ ಅಪಾಚೆ ವೆಬ್ ಸರ್ವರ್ 2.4.49ರ ದೋಷವನ್ನೇ ನೋಡಿ: ಚುಕ್ಕೆಯನ್ನು ಎನ್‌ಕೋಡ್ ಮಾಡಿ ಕಳಿಸಿದಾಗ ಪಾತ್ ಪರೀಕ್ಷೆ ಅದನ್ನು ಹಿಡಿಯಲಿಲ್ಲ. 2.4.50ರಲ್ಲಿ ಸರಿಪಡಿಸಿದರು. ‘%%32%65’ ಎಂದು ಎರಡು ಪದರ ಎನ್‌ಕೋಡ್ ಮಾಡಿದರೆ ಅದೂ ನಿಲ್ಲಲಿಲ್ಲ, 2.4.51 ಬರಬೇಕಾಯಿತು. ಅಷ್ಟು ವರ್ಷ ಪಳಗಿದ ಸರ್ವರ್‌ಗೇ ಹೀಗಾದರೆ, ನಾವು ಬರೆಯುವ ರೀಪ್ಲೇಸ್ ಸಾಲನ್ನು ನಂಬಬಾರದು.

ನನ್ನ ಸಲಹೆ: ಬಳಕೆದಾರ ಕೊಟ್ಟ ಹೆಸರು ಡಿಸ್ಕ್‌ಗೆ ಹೋಗುವುದೇ ಬೇಡ. ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತು) ಒಂದನ್ನು ಹುಟ್ಟಿಸಿ ಆ ಹೆಸರಲ್ಲಿ ಉಳಿಸಿ, ಮೂಲ ಹೆಸರನ್ನು ಡೇಟಾಬೇಸ್‌ನಲ್ಲಿಡಿ. ಹೆಸರು ಬೇಕೇಬೇಕು ಎಂದಾದರೆ ಮೊದಲು ಫೋಲ್ಡರ್ ಜತೆ ಜೋಡಿಸಿ, ರಿಯಲ್‌ಪಾತ್ ಎಂಬ, ಪಾತ್‌ನ ನಿಜವಾದ ಜಾಗ ಹೇಳುವ ಫಂಕ್ಷನ್‌ನಿಂದ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ತೋರಿಸುವ ಕೊಂಡಿ) ಸಮೇತ ಬಿಡಿಸಿ, ಆಮೇಲೆ ಅದು ಫೋಲ್ಡರ್ ಒಳಗೇ ಇದೆಯೇ ನೋಡಿ. ಈ ಕ್ರಮ ತಿರುವುಮುರುವಾದರೆ ಪರೀಕ್ಷೆಗೆ ಅರ್ಥವಿಲ್ಲ. ಹೋಲಿಸುವಾಗ ಕೊನೆಯ ಸ್ಲ್ಯಾಶ್ ಮರೆಯಬೇಡಿ: ‘/ಡೇಟಾ/ಕಡತ’ದಿಂದ ಶುರುವಾಗುತ್ತದೆಯೇ ಎಂದಷ್ಟೇ ಕೇಳಿದರೆ ‘/ಡೇಟಾ/ಕಡತ-ಹಳೆಯದು’ ಕೂಡ ಪಾಸಾಗುತ್ತದೆ. ಪೈಥಾನ್‌ನಲ್ಲಿ ಎರಡನೆಯ ಭಾಗ ಸ್ಲ್ಯಾಶ್‌ನಿಂದ ಶುರುವಾದರೆ ಪಾತ್ ಜಾಯಿನ್ (ಪಾತ್ ಭಾಗಗಳನ್ನು ಜೋಡಿಸುವ ಫಂಕ್ಷನ್) ಮೊದಲ ಭಾಗವನ್ನೇ ಬಿಟ್ಟುಬಿಡುತ್ತದೆ, ಅಲ್ಲಿ ‘..’ ಬೇಕಾಗುವುದೇ ಇಲ್ಲ.

ಜಿಪ್ ಬಿಚ್ಚುವ ಕೋಡ್ ಇದ್ದರೆ ಒಳಗಿನ ಪ್ರತಿ ಫೈಲ್ ಹೆಸರಿಗೂ ಇದೇ ಪರೀಕ್ಷೆ ಬೇಕು.

ಓದುವ ದೋಷಕ್ಕಿಂತ ಬರೆಯುವ ದೋಷ ಹೆಚ್ಚು ಅಪಾಯಕಾರಿ. ವೆಬ್ ರೂಟ್‌ನಲ್ಲಿ (ವೆಬ್ ಸರ್ವರ್ ಹೊರಗೆ ತೋರಿಸುವ ಫೋಲ್ಡರ್) ಒಂದು ಪಿಎಚ್‌ಪಿ ಫೈಲ್, ಇಲ್ಲವೇ ಕ್ರಾನ್ (ನಿಗದಿತ ಸಮಯಕ್ಕೆ ಆಜ್ಞೆ ಓಡಿಸುವ ವ್ಯವಸ್ಥೆ) ಫೋಲ್ಡರ್‌ನಲ್ಲಿ ಒಂದು ಸಾಲು ಬಿದ್ದರೂ ಸರ್ವರ್ ದಾಳಿಕೋರನ ಕೈಸೇರುತ್ತದೆ. ಆದ್ದರಿಂದ ಅಪ್‌ಲೋಡ್ ಫೋಲ್ಡರ್ ವೆಬ್ ರೂಟ್‌ನ ಹೊರಗಿರಲಿ. ಸರ್ವಿಸ್ ಯಾವ ಯೂಸರ್ ಹೆಸರಲ್ಲಿ ಓಡುತ್ತದೋ ಅದಕ್ಕೆ ಆ ಒಂದು ಫೋಲ್ಡರ್‌ನಲ್ಲಿ ಮಾತ್ರ ಬರೆಯುವ ಅನುಮತಿ ಕೊಡಿ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಇದ್ದರೆ ‘ಪ್ರೊಟೆಕ್ಟ್‌ಸಿಸ್ಟಮ್’ ಅನ್ನು ‘ಸ್ಟ್ರಿಕ್ಟ್’ ಮಾಡಿ, ‘ರೀಡ್‌ರೈಟ್‌ಪಾತ್ಸ್’ನಲ್ಲಿ ಆ ಫೋಲ್ಡರ್ ಒಂದನ್ನೇ ಕೊಟ್ಟರೆ ಕೋಡ್‌ನಲ್ಲಿ ತಪ್ಪಿದ್ದರೂ ಕರ್ನಲ್ ತಡೆಯುತ್ತದೆ.

ಡೌನ್‌ಲೋಡ್ ಯುಆರ್‌ಎಲ್ ಅನ್ನು ಕರ್ಲ್ ಎಂಬ ಕಮಾಂಡ್‌ಲೈನ್ ಉಪಕರಣದಿಂದ ಪರೀಕ್ಷಿಸುವಾಗ ‘ಪಾತ್-ಆಸ್-ಈಸ್’ ಆಯ್ಕೆ ಹಾಕಿ. ಹಾಕದಿದ್ದರೆ ಕರ್ಲ್ ತಾನೇ ‘../’ ಕರಗಿಸಿ ಕಳಿಸುತ್ತದೆ, ದೋಷವಿದ್ದರೂ ಇಲ್ಲವೆಂದೇ ಕಾಣುತ್ತದೆ.