ಬಾಯಿಪಾಠ ಬಲ್ಲ, ಮಾತಿಗೆ ಅಂಜುವ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಬಂಗಾರಪೇಟೆ ಕಡೆಯ ಪದವೀಧರೆಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಬೆಂಗಳೂರಿನಲ್ಲಿ ಕೆಲಸ ಸಿಗಬಹುದೆಂಬ ಆಸೆಯಿಂದ ಆನ್‌ಲೈನ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದರು. ಕೋಲಾರದಲ್ಲಿ ನನ್ನನ್ನು ಕಾಣಲು ಬಂದಾಗ ಅವರನ್ನು ಕಾಡುತ್ತಿದ್ದುದು ತಮ್ಮ ಕಲಿಕೆಯ ರೀತಿಯ ಬಗೆಗಿನ ನಾಚಿಕೆ. "ಮೇಡಂ, ನನ್ನ ತರಗತಿಯ ಬ್ರೆಜಿಲ್‌ನವರು ತಪ್ಪಾದರೂ ಮಾತಾಡಿಬಿಡುತ್ತಾರೆ. ನನಗೆ ಬಾಯಿಪಾಠ ಬಿಟ್ಟರೆ ಬೇರೇನೂ ಬರುವುದಿಲ್ಲ" ಎಂದರು.

ಭಾಷೆ ಕಲಿಯುವವರ ತಂತ್ರಗಳನ್ನು ಭಾಷಾ ಕಲಿಕೆಯ ಸಂಶೋಧಕಿ ರೆಬೆಕಾ ಆಕ್ಸ್‌ಫರ್ಡ್ 1990ರಲ್ಲಿ ಆರು ಬಗೆಯಾಗಿ ವಿಂಗಡಿಸಿದ್ದಾರೆ: ನೆನಪಿನವು, ಬುದ್ಧಿಯವು, ಗೊತ್ತಿಲ್ಲದ್ದನ್ನು ಸರಿದೂಗಿಸುವವು, ಕಲಿಕೆಯನ್ನು ಯೋಜಿಸುವವು, ಭಾವನೆಯವು, ಜನರೊಡನೆ ಬೆರೆಯುವವು. ಒಂದು ವಾರ ತಾವು ಕಲಿತ ಬಗೆಯನ್ನು ಬರೆದಿಡಲು ಹೇಳಿ, ಬಂದ ಬರಹವನ್ನು ಈ ವಿಂಗಡಣೆಯೊಂದಿಗೆ ಹೋಲಿಸಿದಾಗ, ನೆನಪಿನ ತಂತ್ರಗಳು ತುಂಬಿದ್ದವು. ಮೂರನೆಯ ಮತ್ತು ಕೊನೆಯ ಬಗೆಯವು ಕಾಣಲೇ ಇಲ್ಲ. ತಪ್ಪು ಉತ್ತರಕ್ಕೆ ಬೈಗುಳ ತಿಂದು ಬೆಳೆದ ಮಕ್ಕಳಲ್ಲಿ ಇದು ಅಚ್ಚರಿಯಲ್ಲ. ಬ್ರೆಜಿಲ್‌ನವರ ಧೈರ್ಯವನ್ನೂ ಕೇವಲ ಅವರ ಸಂಸ್ಕೃತಿಗೆ ಕಟ್ಟಿಹಾಕುವುದು ಸರಿಯಲ್ಲ, ಏಕೆಂದರೆ ಅವರಾಡುವ ಪೋರ್ಚುಗೀಸ್ ಸ್ಪ್ಯಾನಿಷ್‌ಗೆ ಬಹು ಹತ್ತಿರದ ನುಡಿ.

ಆದರೆ ಈ ಯುವತಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್‌ನ ಗೆಳತಿಯರೊಡನೆ ಆಡುವ ತಮಿಳನ್ನು ಯಾವ ಪುಸ್ತಕವೂ ಇಲ್ಲದೆ, ಪದ ಸಿಗದಾಗ ತೆಲುಗನ್ನೇ ಬೆರೆಸಿ, ಅರ್ಥವಾಗದಿದ್ದರೆ ಮತ್ತೆ ಕೇಳಿ ಕಲಿತಿದ್ದರು. ತಮ್ಮಲ್ಲಿ ಇಲ್ಲವೆಂದುಕೊಂಡಿದ್ದ ತಂತ್ರಗಳು ಇವೇ. ಅದನ್ನು ಕಲಿಕೆಯೆಂದು ಅವರು ಎಣಿಸಿರಲಿಲ್ಲ, ಅಷ್ಟೇ. ಇದನ್ನು ಅವರಿಗೆ ಮನಗಾಣಿಸುವುದಕ್ಕೇ ಎರಡನೆಯ ಭೇಟಿಯ ಬಹುಪಾಲು ಹೋಯಿತು, ಮತ್ತು ಹೋಗಬೇಕಾದದ್ದೇ ಎಂದು ನಾನು ನಂಬುತ್ತೇನೆ.

ಬಾಯಿಪಾಠವನ್ನು ಬಿಡಬೇಡಿ, ಆದರೆ ಕ್ರಿಯಾರೂಪಗಳ ಕೋಷ್ಟಕದ ಬದಲು ಇಡೀ ವಾಕ್ಯಗಳನ್ನು ಬಾಯಿಗೆ ತಂದುಕೊಳ್ಳಿ ಎಂದು ಸಲಹೆ ನೀಡಿದೆ. 'ಮೆ ಗುಸ್ತಾ ಎಲ್ ಕಫೆ' ಎಂಬುದರ ಕಟ್ಟಣೆ 'ನನಗೆ ಕಾಫಿ ಇಷ್ಟ' ಎಂಬುದಕ್ಕೆ ಹತ್ತಿರ. ಕರ್ತೃವನ್ನು ಬಿಟ್ಟು ಕ್ರಿಯಾಪದದಿಂದಲೇ ಯಾರೆಂದು ತಿಳಿಸುವುದೂ, ಆತ್ಮೀಯರಿಗೆ 'ತೂ', ಗೌರವಕ್ಕೆ 'ಉಸ್ತೆದ್' ಎನ್ನುವುದೂ ಕನ್ನಡ, ತೆಲುಗು ಆಡುವವರಿಗೆ ಹೊಸತಲ್ಲ. ಇಂಗ್ಲಿಷಿನ ಮೂಲಕ ಸುತ್ತಿ ಹೋಗುವ ಬದಲು ಈ ಹೋಲಿಕೆಗಳನ್ನು ನೇರವಾಗಿ ಬಳಸಿ ಎಂದೆ. ದಿನಕ್ಕೆ ಹತ್ತು ನಿಮಿಷ ಒಬ್ಬ ಸಹಪಾಠಿಯೊಡನೆ ಮಾತನಾಡಲು, ತಿಳಿಯದಿದ್ದಾಗ 'ಮಾಸ್ ದೆಸ್ಪಾಸಿಯೊ, ಪೊರ್ ಫವೊರ್', ಅಂದರೆ ದಯವಿಟ್ಟು ಇನ್ನೂ ನಿಧಾನವಾಗಿ, ಎಂದು ಕೇಳಲು ಒಪ್ಪಿದರು.

ಅವರು ಗುರಿಯಿಟ್ಟ ಡೆಲೆ ಎ2 ಪರೀಕ್ಷೆಯಲ್ಲಿ (ಸ್ಪ್ಯಾನಿಷ್ ಪ್ರಮಾಣಪತ್ರದ ಆರಂಭಿಕ ಹಂತಗಳಲ್ಲೊಂದು) ಓದು-ಬರಹಕ್ಕೆ 50, ಆಲಿಸುವಿಕೆ-ಮಾತಿಗೆ 50 ಅಂಕಗಳಿದ್ದು, ಎರಡರಲ್ಲೂ ಪ್ರತ್ಯೇಕವಾಗಿ 30 ಬರಲೇಬೇಕು. ಬರಹದ ಅಂಕ ಮಾತಿನ ಕೊರತೆಯನ್ನು ತುಂಬದು. ಆದ್ದರಿಂದ, ಸಿದ್ಧವಾಕ್ಯದ ನೆರವಿಲ್ಲದೆ ಆ ಹತ್ತು ನಿಮಿಷವನ್ನು ಸಲೀಸಾಗಿ ಕಳೆಯುವವರೆಗೆ ಪರೀಕ್ಷಾ ಶುಲ್ಕ ಕಟ್ಟುವುದು ಬೇಡವೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು.