ತಗಡಿನ ಮೇಲೆ ಗುಲಾಬಿ ನಿಲ್ಲಬೇಕಾದರೆ

ಪ್ರಶ್ನೆ: ಇಂಗ್ಲೆಂಡಿನ ಕಾಲುವೆ ದೋಣಿಗಳವರು ಕುಡಿಯುವ ನೀರಿಗೆ ಇಡುತ್ತಿದ್ದ ಬಕ್ಬಿ ಕ್ಯಾನಿನ ಮಾದರಿಯದೊಂದು ಹೊಸ ಕ್ಯಾನ್ ಕೊಂಡು ಗುಲಾಬಿ ಬರೆದೆ. ಕೆಲವೇ ತಿಂಗಳಲ್ಲಿ ಬಣ್ಣ ಹಾಳೆ ಹಾಳೆಯಾಗಿ ಎದ್ದಿತು. ಹೂವೂ ಎಲೆಕೋಸಿನಂತಿತ್ತು! ಎಲ್ಲಿ ತಪ್ಪಿತು?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಬಣ್ಣ ಎದ್ದದ್ದು ತಗಡಿಗೆ ಹಾಕಿದ ಸತುವಿನ ಲೇಪದಿಂದ. ಎಣ್ಣೆ ಬಣ್ಣ ನೇರವಾಗಿ ಸತುವಿನ ಮೇಲೆ ಕೂತರೆ ನಡುವೆ ಸಾಬೂನಿನಂಥ ಪದರ ಕಟ್ಟಿ ಹಿಡಿತ ಹೋಗುತ್ತದೆ. ಜಿಡ್ಡು ತೆಗೆದು ಮಾರ್ಡೆಂಟ್ ವಾಶ್ (ಸತುವು ಬಣ್ಣ ಹಿಡಿಯುವಂತೆ ಮಾಡುವ ದ್ರಾವಣ) ಹಚ್ಚಿ. ತಗಡು ಕಪ್ಪಾಗಬೇಕು, ಆಗದ ಕಡೆ ಜಿಡ್ಡು ಉಳಿದಿದೆ ಎಂದರ್ಥ, ಒರೆಸಿ ಮತ್ತೆ ಹಚ್ಚಿ. ಆಮೇಲೆ ಸತುವಿಗೆ ಒಗ್ಗುವ ಪ್ರೈಮರ್, ಅಂಡರ್‌ಕೋಟ್, ಕಡುಹಸಿರು ಎನಾಮೆಲ್.

ಹೂವನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ಮೊದಲು ಎಲೆಯ ಹಸಿರು, ಹೂವಿನ ಗುಂಡು ತಳ ಇಷ್ಟೇ. ಕೆಂಪು ಹೂವಿಗೆ ಕಪ್ಪಿಗೆ ಹತ್ತಿರದ ಕೆಂಪು ತಳ, ಹಳದಿಗೆ ಕಂದು ಅಥವಾ ಕಿತ್ತಳೆ, ಬಿಳಿಗೆ ತಿಳಿಗುಲಾಬಿ. ಅದು ಹಸಿಯಿದ್ದಾಗಲೇ ಎಸಳು ಎಳೆದರೆ ಎರಡೂ ಕಲಸಿ ನಿಮ್ಮ ಎಲೆಕೋಸು ಹುಟ್ಟುತ್ತದೆ. ಬೋರ್ಡ್ ಬರೆಯುವವರ ಉದ್ದ ಕೂದಲಿನ ಬ್ರಶ್ ತಗೊಳ್ಳಿ. ಊರಿ, ಒತ್ತಿ, ಬಾಗಿಸುತ್ತ ಎತ್ತಿದರೆ ಅಲ್ಪವಿರಾಮದ ಆಕಾರದ ಎಸಳು ಬರುತ್ತದೆ. ಒಂದು ಎಸಳಿಗೆ ಒಂದೇ ಎಳೆತ, ತಿದ್ದಿದರೆ ಕೆಟ್ಟಿತು. ಬಾಲ ಹರಿದುಹರಿದು ಬಂದರೆ ಬಣ್ಣ ಗಟ್ಟಿ, ಬಣ್ಣ ತೆಳುವಾಗಿಸುವ ವೈಟ್ ಸ್ಪಿರಿಟ್ ಒಂದೆರಡು ಹನಿ ಬೆರೆಸಿ. ಇಳಿಜಾರಿನಲ್ಲಿ ಸೋರಿದರೆ ತೆಳುವಾಗಿದೆ. ಗಾಜಿನ ಮೇಲೆ ಬರೆದು ಒರೆಸಿ ಕೈ ಪಳಗಿಸಿಕೊಳ್ಳಿ. ಎಲೆಯ ನರ, ನಡುವಿನ ಹಳದಿ ಚುಕ್ಕಿ ಕೊನೆಗೆ; ಎಲ್ಲ ಒಣಗಿದ ಮೇಲೆ ವಾರ್ನಿಶ್.

ಕಷ್ಟವೆಂದು ಅಂಟಿಸುವ ಗುಲಾಬಿ ಸ್ಟಿಕ್ಕರ್‌ಗೆ ಹೋಗಬೇಡಿ, ಕೈಯಿಂದ ಬರೆಯುವುದು ಉಳಿಯಬೇಕು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ಸರಕು ಸಾಗಣೆ ಬಹುಪಾಲು ನಿಂತಿತು. ದೋಣಿ ಕಟ್ಟುವ ಅಂಗಳಗಳಲ್ಲಿ ಹಿರಿಯರ ಕೈ ನೋಡಿ ಕಲಿಯುವುದೂ ಕಡಿಮೆಯಾಯಿತು. ಎಲ್ಸ್‌ಮಿಯರ್ ಪೋರ್ಟಿನ ಕಾಲುವೆ ಸಂಗ್ರಹಾಲಯದಲ್ಲಿ ಹಳೆಯ ಕೆಲಸವನ್ನು ಓರೆ ಬೆಳಕಿನಲ್ಲಿ ನೋಡಿ, ಬ್ರಶ್ಶಿನ ಜಾಡು ಕಾಣುತ್ತದೆ.

ಪ್ರಶ್ನೆ: ದೋಣಿಯ ಮೂತಿಗೆ ಹಗ್ಗದ ಫೆಂಡರ್ (ಡಿಕ್ಕಿಯ ಪೆಟ್ಟು ತಡೆಯುವ ಮೆತ್ತೆ) ಹೆಣೆಯುವುದನ್ನು ಕಲಿಯುತ್ತಿದ್ದೇನೆ. ಅದನ್ನು ಕಟ್ಟುವ ಸರಪಳಿಯಲ್ಲಿ ಒಂದು ಕೊಂಡಿ ದುರ್ಬಲವಾಗಿರಲಿ ಎನ್ನುತ್ತಾರಲ್ಲ, ಯಾಕೆ?
– ಓದುಗರು, ಲಂಡನ್

ಉತ್ತರ: ಲಾಕಿನಲ್ಲಿ (ದೋಣಿಯನ್ನು ಏರಿಸಲು, ಇಳಿಸಲು ಕಾಲುವೆಯಲ್ಲಿ ಬಾಗಿಲು ಹಾಕಿ ನೀರು ತುಂಬಿಸುವ, ಬಸಿಯುವ ಕಟ್ಟೆ) ನೀರು ಏರುವಾಗ ಫೆಂಡರ್ ಬಾಗಿಲಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಕೊಂಡರೆ ಮೂತಿ ಮೇಲೇಳಲಾರದು, ಮುಂಭಾಗಕ್ಕೆ ನೀರು ನುಗ್ಗುತ್ತದೆ. ದುರ್ಬಲ ಕೊಂಡಿ ಮೊದಲೇ ಮುರಿದು ದೋಣಿಯನ್ನು ಬಿಡಿಸುತ್ತದೆ. ಹೆಣಿಗೆ ಎಷ್ಟು ಬಿಗಿಯಾದರೂ ಆಗಲಿ, ಆ ಕೊಂಡಿಯನ್ನು ಮಾತ್ರ ದಪ್ಪ ಶ್ಯಾಕಲ್‌ನಿಂದ (U ಆಕಾರದ ಕಬ್ಬಿಣದ ಕೊಂಡಿ) ಬದಲಿಸಬೇಡಿ.